ಚರ್ಚು ಯಾರ ಪಕ್ಕ ನಿಂತಿತ್ತು?



2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಯಲ್ಲಿ ಬೆಳಗಾವಿಯ ಹೆಣ್ಣುಮಗಳೊಬ್ಬಳು ತೀರಿಕೊಂಡಳು. ಸವಿತಾ ಹಾಲಪ್ಪನವರ ಎಂಬ ಆ ದಂತವೈದ್ಯೆಗೆ ಆಗ 31 ವರ್ಷ. ಹದಿನೇಳು ವಾರದ ಬಸುರಿ. ಗರ್ಭ ಉಳಿಯುವುದಿಲ್ಲವೆಂದು ವೈದ್ಯರಿಗೇ ಗೊತ್ತಾಗಿತ್ತು. ಹಾಗಾದರೆ ತೆಗೆದುಬಿಡಿ ಎಂದು ಗಂಡ ಹೆಂಡತಿ ಕೇಳಿಕೊಂಡರು. ಭ್ರೂಣದ ಎದೆಬಡಿತ ಇರುವ ತನಕ ಆಗುವುದಿಲ್ಲ ಎಂಬ ಉತ್ತರ ಬಂತು. ಅಷ್ಟರಲ್ಲಿ ನಂಜು ಮೈಗೇರಿತು. ಇದು ಕ್ಯಾಥೊಲಿಕ್ ದೇಶ ಎಂಬರ್ಥದ ಮಾತನ್ನು ತಾನು ಆಡಿದ್ದು ನಿಜವೆಂದು ಅಲ್ಲಿನ ಸೂಲಗಿತ್ತಿ ದಾದಿಯೊಬ್ಬರು ಮರುವರ್ಷದ ವಿಚಾರಣೆಯಲ್ಲಿ ಒಪ್ಪಿಕೊಂಡರು. ನೋಯಿಸಲೆಂದು ಆಡಿದ್ದಲ್ಲ, ಇಲ್ಲಿ ಯಾಕೆ ಹೀಗೆ ಎಂದು ತಿಳಿಸಲು ಆಡಿದ್ದು ಎಂದೂ ಹೇಳಿದರು. ಆ ಮಾತನ್ನು ನಾನು ನಂಬುತ್ತೇನೆ. ದ್ವೇಷವಿಲ್ಲದೆ, ಹವಾಮಾನ ವರದಿ ಹೇಳಿದಷ್ಟೇ ಸಹಜವಾಗಿ ಹಾಗೆನ್ನಬಹುದಾಗಿದ್ದ ದೇಶ ಅದಾಗಿತ್ತು.

ಗರ್ಭಪಾತದ ಮೇಲಿನ ಆ ನಿಷೇಧ 1983ರಲ್ಲಿ ಜನಮತದಿಂದಲೇ ಐರ್ಲೆಂಡಿನ ಸಂವಿಧಾನವನ್ನು ಸೇರಿತ್ತು. ಆಗ ಶೇ. 66.9ರಷ್ಟು ಜನ ಬೇಕೆಂದಿದ್ದರು. 2018ರ ಮೇ ತಿಂಗಳಲ್ಲಿ ಮತ್ತೆ ಜನಮತ ನಡೆದಾಗ ಶೇ. 66.4ರಷ್ಟು ಜನ ಕಿತ್ತುಹಾಕಿ ಎಂದರು. ನಿಷೇಧವನ್ನು ತೆಗೆಯಿರೆಂದು ಸವಿತಾಳ ತಂದೆ ತಾಯಿ ಬೆಳಗಾವಿಯಲ್ಲಿ ಕೂತು ಐರಿಷ್ ಮತದಾರರನ್ನು ಕೇಳಿಕೊಂಡಿದ್ದರು. ಮತದಾನದ ಹೊತ್ತಿಗೆ ಡಬ್ಲಿನ್ನಿನ ಗೋಡೆಯೊಂದರ ಮೇಲೆ ಅವಳ ಚಿತ್ರ ಬರೆದಿದ್ದರು. ಜನ ಅದರ ಸುತ್ತ ಬಣ್ಣದ ಚೀಟಿಗಳನ್ನು ಅಂಟಿಸುತ್ತ ಹೋದರು. ಹಲವು ಚೀಟಿಗಳಲ್ಲಿ ಕ್ಷಮೆ ಕೇಳಿದ್ದರು. ಮೂವತ್ತೈದು ವರ್ಷಗಳ ಅಂತರದಲ್ಲಿ ಹೆಚ್ಚುಕಡಿಮೆ ಅಷ್ಟೇ ಮತ, ಪೂರಾ ತಿರುವುಮುರುವಾಗಿ. ಈ ಮೂವತ್ತೈದು ವರ್ಷಗಳಲ್ಲಿ ಐರಿಷ್ ಜನಕ್ಕೆ ಏನಾಯಿತು ಎಂಬುದೇ ಇವತ್ತಿನ ನನ್ನ ಪ್ರಶ್ನೆ. ಅದರ ಉತ್ತರಕ್ಕಾಗಿ ಪೋಲೆಂಡ್, ಚೆಕ್, ಜರ್ಮನಿಗಳನ್ನೂ ಸುತ್ತಿ ಬರಬೇಕಾಗುತ್ತದೆ.

ವಿದ್ವಾಂಸರ ಬಳಿ ಒಂದು ಹಳೆಯ ಉತ್ತರವಿದೆ. ಓದು ಹೆಚ್ಚಿದಂತೆ, ಹಳ್ಳಿ ಪಟ್ಟಣವಾದಂತೆ, ವಿಜ್ಞಾನ ನಿತ್ಯದ ಬದುಕಿಗೆ ಇಳಿದಂತೆ ಧರ್ಮ ತಾನಾಗಿ ಹಿಂದೆ ಸರಿಯುತ್ತದೆ ಎಂಬುದು. ಮ್ಯಾಕ್ಸ್ ವೇಬರ್ 1917ರಲ್ಲಿ ಮ್ಯೂನಿಕ್‌ನಲ್ಲಿ ಕೊಟ್ಟ ಉಪನ್ಯಾಸದಲ್ಲಿ ಜಗತ್ತು ತನ್ನ ಮಾಯೆಯನ್ನು ಕಳೆದುಕೊಳ್ಳುತ್ತಿರುವ ಬಗೆಯನ್ನು ವಿವರಿಸಿದ. 1968ರ ಹೊತ್ತಿಗೆ ಅಮೆರಿಕದ ಸಮಾಜಶಾಸ್ತ್ರಜ್ಞ ಪೀಟರ್ ಬರ್ಗರ್ ಇನ್ನೂ ಮುಂದೆ ಹೋಗಿ, ಇಪ್ಪತ್ತೊಂದನೆಯ ಶತಮಾನದಲ್ಲಿ ದೈವಭಕ್ತರು ಅಲ್ಲೊಂದು ಇಲ್ಲೊಂದು ಗುಂಪಾಗಿ ಉಳಿದಾರು ಎಂದ. ಅದೇ ಬರ್ಗರ್ 1999ರಲ್ಲಿ, ತಾನು ಹೇಳಿದ್ದು ತಪ್ಪಾಯಿತು, ಜಗತ್ತು ಎಂದಿನಷ್ಟೇ ಧಾರ್ಮಿಕವಾಗಿದೆ, ಪಶ್ಚಿಮ ಯುರೋಪು ಮಾತ್ರ ಅದಕ್ಕೆ ಹೊರತು ಎಂದು ಬರೆದ. ಬದುಕಿರುವಾಗಲೇ ತಮ್ಮ ಸಿದ್ಧಾಂತವನ್ನು ತಾವೇ ಹಿಂತೆಗೆದುಕೊಳ್ಳುವ ವಿದ್ವಾಂಸರು ಅಪರೂಪ. ನಮ್ಮಲ್ಲಂತೂ ಶಿಷ್ಯರೂ ಹಿಂತೆಗೆಯುವುದಿಲ್ಲ.

ಆಮೇಲೆ ಪಿಪ್ಪಾ ನಾರಿಸ್ ಮತ್ತು ರೊನಾಲ್ಡ್ ಇಂಗಲ್‌ಹಾರ್ಟ್ 2004ರಲ್ಲಿ ಅದೇ ವಾದವನ್ನು ತಿದ್ದಿ ನಿಲ್ಲಿಸಿದರು. ಅವರ ಪ್ರಕಾರ ಧರ್ಮವನ್ನು ಸಡಿಲಿಸುವುದು ತಿಳಿವಳಿಕೆಗಿಂತ ಹೆಚ್ಚಾಗಿ ನಿಶ್ಚಿಂತೆ. ಕೂಸು ಬದುಕೀತೆಂಬ ಭರವಸೆ, ಕಾಯಿಲೆ ಬಿದ್ದರೆ ಆಸ್ಪತ್ರೆ, ಮುಪ್ಪಿಗೆ ಪಿಂಚಣಿ ಇದ್ದಲ್ಲಿ ಹರಕೆ ಹೊರುವ ಪ್ರಸಂಗಗಳೇ ಕಡಿಮೆಯಾಗುತ್ತವೆ. ಡೆನ್ಮಾರ್ಕ್, ಸ್ವೀಡನ್‌ಗಳಿಗೆ ಈ ಮಾತು ಒಪ್ಪುತ್ತದೆ. ಆದರೆ ಚೆಕ್ ದೇಶವನ್ನೂ ಪೋಲೆಂಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ನೆರೆಹೊರೆಯ ನಾಡುಗಳು, ಒಂದೇ ಕುಟುಂಬದ ನುಡಿಗಳು, ನಲವತ್ತು ವರ್ಷ ಒಂದೇ ಬಗೆಯ ಕಮ್ಯುನಿಸ್ಟ್ ಆಡಳಿತ. ಚೆಕ್ ದೇಶ ಜಗತ್ತಿನಲ್ಲೇ ಅತಿ ಕಡಿಮೆ ದೈವಭಕ್ತಿಯ ದೇಶಗಳ ಸಾಲಿನಲ್ಲಿದೆ. ಪೋಲೆಂಡು ಇತ್ತೀಚಿನವರೆಗೆ ಯುರೋಪಿನ ಅತಿ ಭಕ್ತ ದೇಶಗಳಲ್ಲಿ ಒಂದಾಗಿತ್ತು. ಪಿಂಚಣಿ ಲೆಕ್ಕದಿಂದ ಈ ಅಂತರವನ್ನು ವಿವರಿಸಲಾಗುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಕಷ್ಟಕಾಲದಲ್ಲಿ ಚರ್ಚು ಯಾರ ಪಕ್ಕ ನಿಂತಿತ್ತು? ಗೆದ್ದ ಮೇಲೆ ಎಲ್ಲಿ ಹೋಗಿ ಕೂತಿತು?

ಐರ್ಲೆಂಡಿನಿಂದಲೇ ನೋಡೋಣ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷರ ದಂಡನಾ ಕಾನೂನುಗಳಡಿ ಕ್ಯಾಥೊಲಿಕರು ಜಮೀನು ಕೊಳ್ಳುವಂತಿರಲಿಲ್ಲ, ಪಾರ್ಲಿಮೆಂಟಿನಲ್ಲಿ ಕೂರುವಂತಿರಲಿಲ್ಲ. ಹಳ್ಳಿಯ ಹೊರಗೆ ಬಂಡೆಯೊಂದನ್ನೇ ಪೀಠ ಮಾಡಿಕೊಂಡು ಬಯಲಲ್ಲಿ ಪೂಜೆ ನಡೆಯುತ್ತಿತ್ತು. ಅಂಥ ಬಂಡೆಗಳನ್ನು ಇವತ್ತಿಗೂ ಅಲ್ಲಿ ತೋರಿಸುತ್ತಾರೆ. 1829ರಲ್ಲಿ ಡೇನಿಯಲ್ ಓಕಾನೆಲ್ ಜನರನ್ನು ಕಟ್ಟಿಕೊಂಡು ಹೋರಾಡಿ ಪಾರ್ಲಿಮೆಂಟಿನ ಬಾಗಿಲು ತೆರೆಸಿದ. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಬಂದ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಮಂದಿ ಹಡಗು ಹತ್ತಿದರು. ಉಳಿದವರ ಪಾಲಿಗೆ ಪಾದ್ರಿ ಎಂದರೆ ತಮ್ಮೊಂದಿಗೆ ಹಸಿದವನು, ದೊರೆಯ ಕಡೆಯವನಲ್ಲ. ಐರಿಷ್ ಆಗುವುದೂ ಕ್ಯಾಥೊಲಿಕ್ ಆಗುವುದೂ ಒಂದೇ ಆಯಿತು. ಇಷ್ಟು ಆಳಕ್ಕೆ ಇಳಿದ ಬೇರು ಬೇಗ ಅಲುಗುವುದಿಲ್ಲ ಎಂದು ಯಾರಿಗಾದರೂ ಅನಿಸುತ್ತಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಆ ಪಾದ್ರಿಯ ಜಾಗ ಬದಲಾಯಿತು. 1937ರ ಸಂವಿಧಾನ ಕ್ಯಾಥೊಲಿಕ್ ಚರ್ಚಿನ ವಿಶೇಷ ಸ್ಥಾನವನ್ನು ಒಪ್ಪಿತು. ವಿಚ್ಛೇದನವನ್ನು ನಿಷೇಧಿಸಿತು. ಶಾಲೆ, ಆಸ್ಪತ್ರೆ, ಅನಾಥಾಲಯ ಎಲ್ಲ ಚರ್ಚಿನ ಕೈಯಲ್ಲಿ. ಆ ಕೈ ಎಷ್ಟು ಉದ್ದವಿತ್ತೆಂದು ತಿಳಿಯಲು 1951ರ ಒಂದು ಪ್ರಸಂಗ ಸಾಕು. ಆರೋಗ್ಯ ಮಂತ್ರಿ ನೋಯೆಲ್ ಬ್ರೌನ್, ತಾಯಂದಿರಿಗೂ ಹದಿನಾರರೊಳಗಿನ ಮಕ್ಕಳಿಗೂ ಬಡವ ಬಲ್ಲಿದ ಎನ್ನದೆ ಉಚಿತ ಚಿಕಿತ್ಸೆ ಕೊಡುವ ಯೋಜನೆ ತಂದ. ಬಿಷಪ್ಪರು ಒಪ್ಪಲಿಲ್ಲ, ತಾಯಿ ಮಕ್ಕಳ ನಡುವೆ ಸರ್ಕಾರದ ವೈದ್ಯ ಬಂದು ಕೂತರೆ ನಾಳೆ ಸಂತಾನ ನಿಯಂತ್ರಣದ ಮಾತೂ ಬರುತ್ತದೆಂಬ ಅಂಜಿಕೆ. ಡಬ್ಲಿನ್ನಿನ ಆರ್ಚ್‌ಬಿಷಪ್ ಜಾನ್ ಚಾರ್ಲ್ಸ್ ಮೆಕ್‌ವೇಡ್ ಮುಂದೆ ನಿಂತು ವಿರೋಧಿಸಿದರು. ಖಾಸಗಿ ವೈದ್ಯರಿಗೂ ತಮ್ಮ ವರಮಾನದ ಚಿಂತೆ ಇತ್ತು. ಸರ್ಕಾರ ಮಣಿಯಿತು, ಯೋಜನೆ ಬಿತ್ತು. ಬ್ರೌನ್ ರಾಜೀನಾಮೆ ಕೊಟ್ಟು, ತಾನೂ ಪ್ರಧಾನಿಯೂ ಬಿಷಪ್ಪರೂ ಬರೆದುಕೊಂಡ ಕಾಗದಗಳನ್ನು ಪತ್ರಿಕೆಗೆ ಕೊಟ್ಟುಬಿಟ್ಟ. ಚುನಾಯಿತ ಸರ್ಕಾರವೊಂದು ಬಿಷಪ್ಪರಿಗೆ ಬರೆದ ವಿನಯದ ಕಾಗದಗಳನ್ನು ಜನ ಚಹಾ ಕುಡಿಯುತ್ತ ಓದಿದರು. ದಂಗೆಯೇನೂ ಏಳಲಿಲ್ಲ. ಭಾನುವಾರದ ಪೂಜೆಗೆ ಎಂದಿನಂತೆ ಹೋದರು. 1970ರ ದಶಕದ ಆರಂಭದಲ್ಲೂ ಹತ್ತರಲ್ಲಿ ಒಂಬತ್ತು ಕ್ಯಾಥೊಲಿಕರು ವಾರವಾರ ಹೋಗುತ್ತಿದ್ದರು. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬಂದಾಗ ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಆಗ ದೇಶದ ಒಟ್ಟು ಜನಸಂಖ್ಯೆಯೇ 34 ಲಕ್ಷದ ಆಸುಪಾಸು.

ಆಮೇಲೆ ಒಂದೊಂದೇ ಹೊರಬಿತ್ತು. 1992ರಲ್ಲಿ ಜನಪ್ರಿಯ ಬಿಷಪ್ ಈಮನ್ ಕೇಸಿಗೆ ಮಗನಿದ್ದಾನೆಂದು ಬಯಲಾಯಿತು. ಅದೇನು ಮಹಾ, ಮನುಷ್ಯಸಹಜ ಎನ್ನಬಹುದು. ಮುಂದೆ ಬಂದದ್ದು ಹಾಗೆ ತಳ್ಳಿಹಾಕುವಂಥದ್ದಲ್ಲ. ಮದುವೆಯಿಲ್ಲದೆ ಬಸುರಾದ ಹುಡುಗಿಯರನ್ನೂ ಇನ್ನಿತರ 'ದಾರಿ ತಪ್ಪಿದ' ಹೆಣ್ಣುಮಕ್ಕಳನ್ನೂ ಕೂಡಿಹಾಕಿ ಕೂಲಿಯಿಲ್ಲದೆ ಬಟ್ಟೆ ಒಗೆಸುತ್ತಿದ್ದ, ಸನ್ಯಾಸಿನಿಯರು ನಡೆಸುತ್ತಿದ್ದ ಮ್ಯಾಗ್ಡಲೀನ್ ಲಾಂಡ್ರಿಗಳಲ್ಲಿ ಕೊನೆಯದು ಮುಚ್ಚಿದ್ದು 1996ರಲ್ಲಿ. ಚರ್ಚಿನ ವಸತಿಶಾಲೆಗಳಲ್ಲಿ ಮಕ್ಕಳ ಮೇಲಾದ ಹಿಂಸೆಯನ್ನು ರಯನ್ ವರದಿ 2009ರಲ್ಲಿ ದಾಖಲಿಸಿತು. ದೂರುಗಳನ್ನು ಮುಚ್ಚಿಡಲು ಡಬ್ಲಿನ್ನಿನ ಧರ್ಮಪ್ರಾಂತ್ಯ ಏನೇನು ಮಾಡಿತೆಂದು ಅದೇ ವರ್ಷದ ಮರ್ಫಿ ವರದಿ ಹೇಳಿತು. ಐರಿಷ್ ಜನ ದೇವರ ಅಸ್ತಿತ್ವದ ಬಗ್ಗೆ ಹೊಸ ತರ್ಕವನ್ನೇನೂ ಕಂಡುಹಿಡಿಯಲಿಲ್ಲ. ಬಂಡೆಯ ಬಳಿ ತಮ್ಮೊಂದಿಗೆ ನಿಂತಿದ್ದವರು ಯಾರ ಪಕ್ಕ ಹೋಗಿ ಸೇರಿದ್ದಾರೆಂದು ಕಂಡರು, ಅಷ್ಟೆ. 1995ರಲ್ಲಿ ವಿಚ್ಛೇದನಕ್ಕೆ ಅನುಮತಿ ಸಿಕ್ಕಿದ್ದು ಸುಮಾರು 9,000 ಮತಗಳ ಅಂತರದಲ್ಲಿ. 2015ರಲ್ಲಿ ಸಲಿಂಗಿಗಳ ಮದುವೆಗೆ ಶೇ. 62ರಷ್ಟು ಜನ ಹೂಂ ಎಂದರು. 2018ರಲ್ಲಿ ಪೋಪ್ ಫ್ರಾನ್ಸಿಸ್ ಬಂದಾಗ ಅದೇ ಫೀನಿಕ್ಸ್ ಪಾರ್ಕಿನಲ್ಲಿ ಒಂದೂವರೆ ಲಕ್ಷದ ಆಸುಪಾಸು ಜನವಿದ್ದರು.

ಆದರೂ 2022ರ ಜನಗಣತಿಯಲ್ಲಿ ಶೇ. 69ರಷ್ಟು ಜನ ಕ್ಯಾಥೊಲಿಕ್ ಎಂದೇ ಬರೆಸಿದ್ದಾರೆ. ಈ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಹತ್ತರಲ್ಲಿ ಒಂಬತ್ತರ ಆಸುಪಾಸು ಕ್ಯಾಥೊಲಿಕ್ ಆಡಳಿತದವು. ಸೀಟಿಗೆ ಪೈಪೋಟಿ ಇರುವ ಕಡೆ ಜ್ಞಾನಸ್ನಾನವಾದ ಮಗುವಿಗೆ ಆದ್ಯತೆ ಕೊಡಬಹುದೆಂಬ ನಿಯಮ 2018ರವರೆಗೆ ಇತ್ತು. ಹಾಗಾಗಿ ಚರ್ಚಿನ ಮುಖ ನೋಡದ ತಂದೆ ತಾಯಿಯೂ ಮಗುವಿನ ತಲೆಗೆ ತೀರ್ಥ ಹಾಕಿಸುತ್ತಿದ್ದರು. ಸೀಟಿಗಾಗಿ ಏನೆಲ್ಲ ಪ್ರಮಾಣಪತ್ರ ಮಾಡಿಸುತ್ತಾರೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇವತ್ತು ಡಬ್ಲಿನ್ನಿನ ಎಷ್ಟೋ ಚರ್ಚುಗಳ ಬೆಂಚುಗಳನ್ನು ತುಂಬುವವರಲ್ಲಿ ಕೇರಳದಿಂದ ಹೋದ ನರ್ಸುಗಳ ಕುಟುಂಬಗಳೂ ಇವೆ. ಐರಿಷ್ ಮಿಷನರಿಗಳು ಒಂದು ಕಾಲಕ್ಕೆ ಇಲ್ಲಿಗೆ ಬಂದು ಶಾಲೆ ಕಟ್ಟಿದರು, ಈಗ ಪೂಜೆಯ ಪಾದ್ರಿಗಾಗಿ ಈ ಕಡೆ ನೋಡುತ್ತಾರೆ.

ಪೋಲೆಂಡಿನದು ಇದೇ ಕಥೆ, ಒಂದು ಅಧ್ಯಾಯ ಹಿಂದೆ. ರಷ್ಯ, ಪ್ರಷ್ಯ, ಆಸ್ಟ್ರಿಯಗಳು 1795ರಲ್ಲಿ ದೇಶವನ್ನೇ ನಕ್ಷೆಯಿಂದ ಅಳಿಸಿ ಹಂಚಿಕೊಂಡಾಗ ಪೋಲಿಷ್‌ತನ ಉಳಿದದ್ದು ಚರ್ಚಿನೊಳಗೆ. ಮುಂದೆ ಕಮ್ಯುನಿಸ್ಟರ ಕಾಲದಲ್ಲೂ ಹಾಗೆಯೇ. 1978ರಲ್ಲಿ ಕ್ರಾಕೋವ್‌ನ ಕಾರ್ಡಿನಲ್ ಪೋಪ್ ಎರಡನೇ ಜಾನ್ ಪಾಲ್ ಆದರು. 1980ರಲ್ಲಿ ಗ್ದಾನ್ಸ್ಕ್ ಹಡಗುಕಟ್ಟೆಯ ಮುಷ್ಕರಗಾರರು ಗೇಟಿನ ಮೇಲೆ ಅವರ ಚಿತ್ರ ತೂಗುಹಾಕಿದರು. ಮುಷ್ಕರಗಾರರ ಬೆನ್ನಿಗೆ ನಿಂತಿದ್ದ ಪಾದ್ರಿ ಯೆರ್ಜಿ ಪೊಪಿಯೆವುಷ್ಕೊ ಅವರನ್ನು 1984ರಲ್ಲಿ ಗುಪ್ತ ಪೊಲೀಸರು ಕೊಂದು ನೀರಿಗೆಸೆದರು. ಅಂಥ ಚರ್ಚಿನ ಮೇಲೆ ಯಾರಿಗೆ ತಕರಾರು? 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಬಿದ್ದ ನಂತರ ಅದೇ ಚರ್ಚು ಮಂತ್ರಿಗಳ ಪಕ್ಕ ಕುರ್ಚಿ ಹಾಕಿಕೊಂಡಿತು. 1990ರಲ್ಲಿ ಶಾಲೆಗಳಿಗೆ ಧರ್ಮಪಾಠ ಬಂತು, 1993ರಲ್ಲಿ ಗರ್ಭಪಾತದ ಮೇಲೆ ಬಿಗಿ ಕಾನೂನು. 2020ರ ಅಕ್ಟೋಬರಿನಲ್ಲಿ ಸಂವಿಧಾನ ನ್ಯಾಯಮಂಡಳಿ ಅದನ್ನು ಇನ್ನಷ್ಟು ಬಿಗಿಗೊಳಿಸಿದಾಗ ಲಕ್ಷಾಂತರ ಯುವಕ ಯುವತಿಯರು ಬೀದಿಗೆ ಬಂದರು. ಕೆಲವರು ಭಾನುವಾರದ ಪೂಜೆಯ ನಡುವೆಯೇ ಚರ್ಚಿನೊಳಗೆ ಫಲಕ ಹಿಡಿದು ನಿಂತರು. ಅದಕ್ಕೂ ಹತ್ತು ವರ್ಷ ಹಿಂದೆ ಊಹಿಸಲೂ ಆಗದಿದ್ದ ದೃಶ್ಯ ಅದು.

ಪೋಲೆಂಡಿನ ಚರ್ಚು ಒಂದು ಒಳ್ಳೆಯ ಕೆಲಸ ಮಾಡುತ್ತದೆ. ಪ್ರತಿ ವರ್ಷ ಶರತ್ಕಾಲದ ಒಂದು ಭಾನುವಾರ ದೇಶದ ಎಲ್ಲ ಪ್ಯಾರಿಷ್‌ಗಳಲ್ಲೂ ಪೂಜೆಗೆ ಬಂದವರ ತಲೆ ಎಣಿಸುತ್ತದೆ. 1980ರ ದಶಕದಲ್ಲಿ ಬರಬೇಕಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬರುತ್ತಿದ್ದರು. 2019ರಲ್ಲಿ ಅದು ಶೇ. 36.9 ಆಯಿತು. ಕೋವಿಡ್ ಕಾಲದ 2021ರಲ್ಲಿ 28.3, ಮರುವರ್ಷ 29.5. ಕೋವಿಡ್ ಹೋಯಿತು, ಜನ ಮರಳಲಿಲ್ಲ. ತನ್ನ ಇಳಿತವನ್ನು ತಾನೇ ಎಣಿಸಿ ಪ್ರಕಟಿಸುವ ಸಂಸ್ಥೆಯ ಬಗ್ಗೆ ನನಗೆ ಗೌರವವಿದೆ.

ಚೆಕ್ಕರ ಕಡೆಗೆ ಬಂದರೆ ಚರ್ಚು ಮೊದಲಿನಿಂದಲೂ ಎದುರು ಪಕ್ಷದಲ್ಲಿತ್ತು. ಅವರ ಸುಧಾರಕ ಯಾನ್ ಹುಸ್‌ನನ್ನು 1415ರಲ್ಲಿ ಸುಟ್ಟದ್ದು ಚರ್ಚಿನ ಸಭೆ. 1620ರಲ್ಲಿ ಬಿಳಿಬೆಟ್ಟದ ಕದನದಲ್ಲಿ ಸೋತ ಮೇಲೆ ಕ್ಯಾಥೊಲಿಕ್ ಮತ ಬಂದದ್ದು ಹ್ಯಾಬ್ಸ್‌ಬರ್ಗ್ ದೊರೆಗಳ ಕತ್ತಿಯೊಂದಿಗೆ. ಪ್ರಾಗ್‌ನ ಹಳೆಯ ಪೇಟೆಚೌಕದಲ್ಲಿ ಮೇರಿಮಾತೆಯ ಎತ್ತರದ ಕಂಬವೊಂದಿತ್ತು. 1918ರಲ್ಲಿ ದೇಶ ಸ್ವತಂತ್ರವಾಗಿ ಇನ್ನೂ ವಾರವಾಗಿತ್ತಷ್ಟೆ, ಜನ ಹಗ್ಗ ಹಾಕಿ ಅದನ್ನು ಎಳೆದು ಕೆಡವಿದರು. ಅದು ತಾಯಿಯ ಕಂಬ ಎನ್ನುವುದಕ್ಕಿಂತ ದೊರೆಯ ಕಂಬವಾಗಿ ಅವರಿಗೆ ಕಂಡಿತ್ತು. 2020ರಲ್ಲಿ ಅದರ ಪ್ರತಿಯನ್ನು ಮತ್ತೆ ನಿಲ್ಲಿಸಿದರು, ಅದಕ್ಕೂ ಜಗಳವಾಯಿತು. ಕಮ್ಯುನಿಸ್ಟರು ಬರುವ ಮುಂಚೆಯೇ ಅಲ್ಲಿ ಅರ್ಧ ಕೆಲಸ ಆಗಿಹೋಗಿತ್ತು. 2011ರ ಜನಗಣತಿಯಲ್ಲಿ ಹದಿನೈದು ಸಾವಿರ ಚೆಕ್ಕರು ತಮ್ಮ ಧರ್ಮ 'ಜೆಡೈ' ಎಂದು ಬರೆಸಿದರು, ಸ್ಟಾರ್ ವಾರ್ಸ್ ಸಿನಿಮಾದಿಂದ ಎತ್ತಿಕೊಂಡದ್ದು. ಧರ್ಮದ ಕಾಲಂ ಕಂಡರೆ ನಗು ಬರುವಷ್ಟು ಅದರಿಂದ ದೂರ ಬಂದವರು.

ಇಲ್ಲಿಗೆ ನನ್ನ ಸೂತ್ರ ಸಿದ್ಧವಾಯಿತೆಂದು ನೀವು ಅಂದುಕೊಳ್ಳಬಹುದು: ಆಳುವವರ ಎದುರು ನಿಂತ ಚರ್ಚು ಬೆಳೆಯುತ್ತದೆ, ಪಕ್ಕ ಕೂತದ್ದು ಸೊರಗುತ್ತದೆ. ಪೂರ್ವ ಜರ್ಮನಿ ಈ ಸೂತ್ರವನ್ನು ಒಪ್ಪುವುದಿಲ್ಲ. 1989ರ ಅಕ್ಟೋಬರ್ 9ರಂದು ಲೈಪ್‌ಜಿಗ್‌ನ ಸೇಂಟ್ ನಿಕೊಲಸ್ ಚರ್ಚಿನ ಸೋಮವಾರದ ಪ್ರಾರ್ಥನೆ ಮುಗಿದ ಮೇಲೆ ಸುಮಾರು 70,000 ಜನ ಮೋಂಬತ್ತಿ ಹಿಡಿದು ನಡೆದರು. ಒಂದು ಗುಂಡೂ ಹಾರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಬರ್ಲಿನ್ ಗೋಡೆ ಬಿತ್ತು. ಇಷ್ಟು ನಿಚ್ಚಳವಾಗಿ ಜನರ ಪಕ್ಕ ನಿಂತ ಚರ್ಚುಗಳು ಇತಿಹಾಸದಲ್ಲಿ ಕಡಿಮೆ. ಮರುವರ್ಷ ಆ ಚರ್ಚುಗಳು ತುಂಬಬೇಕಿತ್ತು. ತುಂಬಲಿಲ್ಲ.

ಯಾಕೆಂದು ತಿಳಿಯಲು 1954ಕ್ಕೆ ಹೋಗಬೇಕು. ಆ ವರ್ಷ ಪೂರ್ವ ಜರ್ಮನಿಯ ಸರ್ಕಾರ 'ಯುಗೆಂಟ್‌ವೈಹೆ' ಎಂಬ ಸಂಸ್ಕಾರವನ್ನು ತಂದಿತು. ಚರ್ಚಿನಲ್ಲಿ ಹದಿನಾಲ್ಕು ವರ್ಷದ ಮಕ್ಕಳಿಗೆ ನಡೆಯುತ್ತಿದ್ದ ದೃಢೀಕರಣ ಸಂಸ್ಕಾರದ ಜಾಗದಲ್ಲಿ ಸರ್ಕಾರದ್ದೇ ಒಂದು ಸಮಾರಂಭ: ಹೊಸ ಬಟ್ಟೆ, ಹೂಗುಚ್ಛ, ವೇದಿಕೆ ಹತ್ತಿ ಸಮಾಜವಾದದ ಪ್ರತಿಜ್ಞೆ, ಬ್ರಹ್ಮಾಂಡ ಭೂಮಿ ಮನುಷ್ಯರ ಬಗ್ಗೆ ಒಂದು ದಪ್ಪ ಪುಸ್ತಕದ ಉಡುಗೊರೆ, ಮನೆಯಲ್ಲಿ ಊಟ. ಅಲ್ಲಿಗೆ ಹೋದವರಿಗೆ ಇಲ್ಲಿ ದೃಢೀಕರಣವಿಲ್ಲ ಎಂದು ಚರ್ಚು ಪಟ್ಟು ಹಿಡಿಯಿತು. ಆದರೆ ಹೋಗದ ಹುಡುಗನಿಗೆ ಹೈಸ್ಕೂಲು, ಕಾಲೇಜಿನ ಸೀಟು ಕಷ್ಟ. ತಂದೆ ತಾಯಿ ಮಗನ ಭವಿಷ್ಯವನ್ನು ನೋಡಿದರು. ಕೆಲವೇ ವರ್ಷಗಳಲ್ಲಿ ಪಂದ್ಯ ಮುಗಿಯಿತು. ಕೊನೆಕೊನೆಗೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳು ಸರ್ಕಾರದ ವೇದಿಕೆ ಹತ್ತುತ್ತಿದ್ದರು. 1950ರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಯಾವುದಾದರೊಂದು ಚರ್ಚಿನ ಸದಸ್ಯರಾಗಿದ್ದ ನಾಡಿನಲ್ಲಿ 1989ರ ಹೊತ್ತಿಗೆ ಮೂವರು ಉಳಿದಿದ್ದರು.

ಮನೆಯಲ್ಲಿ ಒಂದು ದಿನ ಹೆಪ್ಪಿಗೆಂದು ಚಮಚ ಮೊಸರು ಎತ್ತಿಡದೆ ಎಲ್ಲವನ್ನೂ ಉಂಡುಬಿಟ್ಟರೆ ಮರುದಿನ ಹಾಲು ಎಷ್ಟಿದ್ದರೂ ಮೊಸರಾಗುವುದಿಲ್ಲ. ನೆರೆಮನೆಗೆ ಬಟ್ಟಲು ಹಿಡಿದು ಹೋಗಬೇಕು. ಪೂರ್ವ ಜರ್ಮನಿಯಲ್ಲಿ ನೆರೆಮನೆಯ ಹೆಪ್ಪೂ ಮುಗಿದಿತ್ತು. ಪ್ರಾರ್ಥನೆ ಬಾಯಿಗೆ ಬರುವ ಅಜ್ಜಿಯರಿದ್ದರು, ಅವರಿಂದ ಕಲಿಯದ ಮಕ್ಕಳು ಈಗ ತಾಯಂದಿರಾಗಿದ್ದರು. ಗೋಡೆ ಬಿದ್ದ ನಂತರ ಲೈಪ್‌ಜಿಗ್ ರೈಲು ನಿಲ್ದಾಣದಲ್ಲಿ ಹುಡುಗರನ್ನು ನೀವು ಕ್ರೈಸ್ತರೋ ನಾಸ್ತಿಕರೋ ಎಂದು ಕೇಳಿದ್ದಕ್ಕೆ, ಎರಡೂ ಅಲ್ಲ, ಮಾಮೂಲು ಎಂಬ ಉತ್ತರ ಬಂತೆಂದು ಜರ್ಮನಿಯ ಸಮಾಜಶಾಸ್ತ್ರಜ್ಞರು ಮತ್ತೆ ಮತ್ತೆ ಹೇಳುತ್ತಾರೆ. ನಾಸ್ತಿಕನಿಗೆ ದೇವರೊಂದಿಗೆ ಜಗಳವಾದರೂ ಇರುತ್ತದೆ. ಈ ಹುಡುಗರಿಗೆ ಅದೂ ಇಲ್ಲ. ಸರ್ಕಾರ ಹೋದರೂ ಯುಗೆಂಟ್‌ವೈಹೆ ಮಾತ್ರ ಅಲ್ಲಿ ಉಳಿದಿದೆ, ಪ್ರತಿಜ್ಞೆ ಬಿಟ್ಟು ಮನೆಮಂದಿಯ ಔತಣವಾಗಿ.

ಬ್ರಿಟನ್ನಿನಲ್ಲಿ ಡೇವಿಡ್ ವೋಸ್ ಎಂಬ ವಿದ್ವಾಂಸ ಇದನ್ನೇ ಲೆಕ್ಕದಲ್ಲಿ ತೋರಿಸಿದ್ದಾನೆ. ತಂದೆ ತಾಯಿ ಇಬ್ಬರೂ ಧಾರ್ಮಿಕರಾಗಿದ್ದರೂ ಅದು ಮಕ್ಕಳಿಗೆ ಸಾಗುವ ಸಂಭವ ಸುಮಾರು ಅರ್ಧಕ್ಕರ್ಧ. ಇಬ್ಬರೂ ಅಲ್ಲದಿದ್ದರೆ ಆ 'ಅಲ್ಲ' ಮಾತ್ರ ಬಹುಪಾಲು ತಪ್ಪದೆ ಸಾಗುತ್ತದೆ. ನಡುವಯಸ್ಸಿನಲ್ಲಿ ಯೋಚಿಸಿ ಧರ್ಮ ಬಿಡುವವರು ಕಡಿಮೆ. ಪಡೆಯದೇ ಬೆಳೆದವರು ಹೆಚ್ಚು. ಚರ್ಚು ಆಳುವವರ ಪಕ್ಕ ಕೂರುವುದರಿಂದ ಆಗುವ ಕೇಡು ಇದೇ ಎಂದು ನನಗೆ ಕಾಣುತ್ತದೆ: ದೊಡ್ಡವರು ಮುನಿಸಿಕೊಂಡರೂ ಅಭ್ಯಾಸಬಲದಿಂದ ಹೋಗುತ್ತಲೇ ಇರುತ್ತಾರೆ, ಆದರೆ ಮಕ್ಕಳನ್ನು ಏಳಿಸಿ ಕರೆದೊಯ್ಯುವುದನ್ನು ನಿಲ್ಲಿಸುತ್ತಾರೆ. 1951ರಲ್ಲಿ ಕಾಗದ ಓದಿದ ಐರಿಷ್ ಜನ ಸುಮ್ಮನಿದ್ದರು. ಉತ್ತರ ಕೊಟ್ಟವರು ಅವರ ಮೊಮ್ಮಕ್ಕಳು.

ಅಮೆರಿಕದ ಮಾತು ಬೇಗ ಮುಗಿಸುತ್ತೇನೆ. 1791ರ ತಿದ್ದುಪಡಿ ಅಲ್ಲಿ ಒಕ್ಕೂಟ ಸರ್ಕಾರದ ಚರ್ಚು ಎಂಬುದೇ ಇರದಂತೆ ಮಾಡಿತು. 1831ರಲ್ಲಿ ಅಲ್ಲಿಗೆ ಹೋದ ಫ್ರೆಂಚ್ ಪ್ರವಾಸಿ ತೋಕ್ವಿಲ್, ಪಾದ್ರಿಗಳು ಅಧಿಕಾರದಿಂದ ದೂರವಿರುವುದೇ ಇಲ್ಲಿ ಧರ್ಮ ಗಟ್ಟಿಯಾಗಿರಲು ಕಾರಣವೆಂದು ಆಗಲೇ ಗುರುತಿಸಿದ್ದ. ಶ್ರೀಮಂತಿಕೆ ಎಷ್ಟು ಏರಿದರೂ ಆ ದೇಶ ಭಕ್ತವಾಗಿಯೇ ಉಳಿಯಿತು. ಆದರೆ ಯಾವ ಧರ್ಮಕ್ಕೂ ಸೇರಿಲ್ಲ ಎನ್ನುವವರು 2007ರಲ್ಲಿ ಶೇ. 16 ಇದ್ದರು, ಈಗ ಶೇ. 29ರ ಹತ್ತಿರ. ಚರ್ಚುಗಳು ಒಂದು ಪಕ್ಷದ ಬಾವುಟದಡಿ ನಿಂತದ್ದು ಇಂಥ ಏರಿಕೆಗೆ ಒಂದು ಕಾರಣವೆಂದು ಮೈಕಲ್ ಹೌಟ್, ಕ್ಲಾಡ್ ಫಿಶರ್ ಎಂಬ ಇಬ್ಬರು 2002ರಲ್ಲೇ ವಾದಿಸಿದ್ದರು. ದೇವರನ್ನು ಬಿಡದೆ ಚರ್ಚನ್ನು ಮಾತ್ರ ಬಿಟ್ಟವರು ಅವರಲ್ಲಿ ಬಹಳ. ಡೆನ್ಮಾರ್ಕಿನಲ್ಲಿ ಇದರ ಇನ್ನೊಂದು ಮಗ್ಗುಲು: ಹತ್ತರಲ್ಲಿ ಏಳು ಮಂದಿ ರಾಷ್ಟ್ರೀಯ ಚರ್ಚಿನ ಸದಸ್ಯರಾಗಿ ತೆರಿಗೆ ಕಟ್ಟುತ್ತಾರೆ, ಭಾನುವಾರ ಹೋಗುವವರು ಬೆರಳೆಣಿಕೆ.

ತೆರಿಗೆ ಎಂದಾಗ ನೆನಪಾಯಿತು. ಮ್ಯೂನಿಕ್‌ಗೆ ಕೆಲಸಕ್ಕೆ ಹೋದ ನಮ್ಮ ಹುಡುಗರಿಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸುವಾಗಲೇ ಧರ್ಮದ ಕಾಲಂ ಎದುರಾಗುತ್ತದೆ. ಕ್ಯಾಥೊಲಿಕ್ ಎಂದು ಬರೆದ ಮಂಗಳೂರಿನವನ ಆದಾಯ ತೆರಿಗೆಯ ಮೇಲೆ ಇನ್ನೂ ಶೇ. 8 ಚರ್ಚಿಗೆ ಮುರಿಯುತ್ತದೆ. ಹಿಂದೂ ಎನ್ನುವ ಹುಬ್ಬಳ್ಳಿಯವನಿಗೆ ಏನೂ ಇಲ್ಲ. ಆ ಲೆಕ್ಕದ ಪುಸ್ತಕದಲ್ಲಿ ಅವನೂ ಲೈಪ್‌ಜಿಗ್‌ನ 'ಮಾಮೂಲು' ಹುಡುಗನೂ ಒಂದೇ ಖಾನೆ.

ನಮ್ಮನ್ನು ಅಳೆಯುವ ತೊಡಕು ಇದೇ. ಪ್ಯೂ ಎಂಬ ಸಮೀಕ್ಷಾ ಸಂಸ್ಥೆ 2019-20ರಲ್ಲಿ ಭಾರತದಲ್ಲಿ ಸುಮಾರು 30,000 ಜನರನ್ನು ಕೇಳಿದಾಗ ಶೇ. 97ರಷ್ಟು ಮಂದಿ ದೇವರನ್ನು ನಂಬುತ್ತೇವೆ ಎಂದರು. 2011ರ ಜನಗಣತಿಯಲ್ಲಿ ಧರ್ಮ ತಿಳಿಸದವರು 121 ಕೋಟಿಯಲ್ಲಿ ಸುಮಾರು 29 ಲಕ್ಷ. ಇಲ್ಲಿ ದೇವಸ್ಥಾನಕ್ಕೆ ಸದಸ್ಯತ್ವವಿಲ್ಲ, ಭಾನುವಾರದ ಹಾಜರಿಯಿಲ್ಲ, ಬಿಡುತ್ತೇನೆಂದು ಬರೆದುಕೊಡುವ ಕಚೇರಿಯಿಲ್ಲ. ನಮ್ಮ ಮುಜರಾಯಿ ಇಲಾಖೆಗೆ ಗೊತ್ತಿರುವುದು ವರಮಾನ: ವರ್ಷಕ್ಕೆ 25 ಲಕ್ಷ ಮೀರಿದ ದೇವಸ್ಥಾನ 'ಎ' ವರ್ಗ, 5 ಲಕ್ಷದೊಳಗಿನದು 'ಸಿ' ವರ್ಗ. ಹುಂಡಿ ಏರುತ್ತಿದೆ ಎಂಬುದರಿಂದ ಭಕ್ತಿ ಏರುತ್ತಿದೆ ಎಂದು ಹೇಳಬಹುದೇ? ಸಂಬಳ ಏರಿದೆ, ರಸ್ತೆ ಚೆನ್ನಾಗಿದೆ, ವಾರಾಂತ್ಯಕ್ಕೆ ಕಾರಿದೆ ಎಂದಷ್ಟೇ ಇರಬಹುದು. ದೇವಸ್ಥಾನ, ಮಠಗಳ ವೇದಿಕೆಯಲ್ಲಿ ಯಾವ ಯಾವ ಮಂತ್ರಿಗಳು ಕೂರುತ್ತಾರೆಂದು ನಾವು ದಿನಾ ಪತ್ರಿಕೆಯಲ್ಲಿ ನೋಡುತ್ತೇವೆ. ಅದರ ಪರಿಣಾಮ ಇಲ್ಲೂ ಐರ್ಲೆಂಡಿನಂತೆಯೇ ಆದೀತೆಂದು ನಾನು ಹೇಳುವುದಿಲ್ಲ. ನಮ್ಮ ದೇವರುಗಳಲ್ಲಿ ಬಹುಪಾಲು ಮನೆಯೊಳಗಿನವು, ಅಧಿಕಾರ ಅಲ್ಲಿಯವರೆಗೆ ಸುಲಭವಾಗಿ ಬರುವುದಿಲ್ಲ.

ಅದಕ್ಕೇ, ಕರ್ನಾಟಕದಲ್ಲಿ ಯಾರಾದರೂ ಇಂಥ ಸಮೀಕ್ಷೆ ಮಾಡಿದರೆ ದೇವರನ್ನು ನಂಬುತ್ತೀರಾ ಎಂದು ಕೇಳುವ ಬದಲು ಮನೆಯ ಕಿರಿಯರನ್ನು ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಲಿ. ನಿಮ್ಮ ಮನೆದೇವರು ಯಾವುದು, ಯಾವ ಊರಿನಲ್ಲಿದೆ? ಅಜ್ಜಿ ಯಾವ ವಾರ ಒಪ್ಪತ್ತು ಮಾಡುತ್ತಿದ್ದರು? ಆ ದಿನ ಮನೆಯಲ್ಲಿ ಏನು ಅಡುಗೆ?